ರಾತ್ರಿ 11:40ರ ಎಂಟ್ರಿ

ಬೆಳಗಿನ ಜಾವ ಐದು ಗಂಟೆಗೆ ಫೋನ್ ಬಂದರೆ ಪೊಲೀಸರ ಮನೆಯಲ್ಲಿ ಯಾರೂ ಗಾಬರಿಯಾಗುವುದಿಲ್ಲ. ಬಂದೋಬಸ್ತ್ ಇರುತ್ತದೆ, ಇಲ್ಲ ಎಲ್ಲೋ ಹೆಣ ಸಿಕ್ಕಿರುತ್ತದೆ. ಅವತ್ತು ಎರಡೂ ಅಲ್ಲ. ಫೋನ್ ಮಾಡಿದ್ದು ಪಕ್ಕದ ಠಾಣೆಯ ಹೆಡ್ ಕಾನ್‌ಸ್ಟೇಬಲ್. ನನಗಿಂತ ಎಂಟು ವರ್ಷ ಚಿಕ್ಕವನು, ಠಾಣೆಯ ಬರವಣಿಗೆ ಕೆಲಸ ಕಲಿತದ್ದು ನನ್ನ ಪಕ್ಕ ಕೂತು. "ಅಣ್ಣ, ಡೈರಿ ಮುಂದೆ ಕೂತಿದ್ದೀನಿ, ಏನು ಬರೀಲಿ ಹೇಳು" ಅಂದ. ಡೈರಿ ಅಂದರೆ ಠಾಣೆಯಲ್ಲಿ ನಡೆದದ್ದನ್ನೆಲ್ಲ ಹೊತ್ತು ಹಾಕಿ ಬರೆಯುವ ಪುಸ್ತಕ.

ನಾನು ಏನು ಹೇಳಿದೆ ಅನ್ನುವುದು ಆಮೇಲೆ. ಹೇಳಿಕೊಳ್ಳುವಂಥದ್ದೇನಲ್ಲ.

ಈಗ ನಾನು ಎಎಸ್‌ಐ ಆಗಿ ರಿಟೈರ್ ಆಗಿದ್ದೇನೆ, ಎರಡು ಎಕರೆ ತೋಟ ನೋಡಿಕೊಂಡಿದ್ದೇನೆ. ಇದು ಶಿವಮೊಗ್ಗ ಜಿಲ್ಲೆಯ ಮಲೆನಾಡು ಕಡೆಯ ಒಂದು ಠಾಣೆಯ ಕಥೆ. ಯಾವ ಠಾಣೆ, ಯಾವ ವರ್ಷ ಅಂತ ಕೇಳಬೇಡಿ, ಹೇಳುವುದಿಲ್ಲ. ಗುರುತು ಸಿಗಬಾರದು ಅಂತ ಸಣ್ಣಪುಟ್ಟ ವಿವರ ಬದಲಿಸಿದ್ದೇನೆ. ಆಗಿನ್ನೂ ಹಳೆಯ ಐಪಿಸಿ, ಸಿಆರ್‌ಪಿಸಿಗಳೇ ಇದ್ದವು, ಹೊಸ ಕಾನೂನುಗಳು ಜಾರಿಗೆ ಬಂದದ್ದು 2024ರ ಜುಲೈ 1ಕ್ಕೆ. ಸೆಕ್ಷನ್ ನಂಬರ್ ಬದಲಾದವು, ಈ ಕಥೆಯಲ್ಲಿ ಬರುವ ಕಷ್ಟ ಬದಲಾಗಿಲ್ಲ.

ಅದು ಅಡಿಕೆ ಕೊಯ್ಲಿನ ಕಾಲ. ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೊಯ್ದು, ಸುಲಿದು, ಬೇಯಿಸಿ, ಅಂಗಳದಲ್ಲಿ ಒಣಗಿಸಿದ ಅಡಿಕೆ ಅಂದರೆ ಒಂದು ವರ್ಷದ ಸಂಸಾರ. ಮಗಳ ಮದುವೆ ಅದರಲ್ಲಿದೆ, ಸೊಸೈಟಿ ಸಾಲ ಅದರಲ್ಲಿದೆ. ಒಬ್ಬರ ಮನೆಯಿಂದ ರಾಶಿ ದರ್ಜೆಯ ಅಡಿಕೆ ನಾಲ್ಕು ಚೀಲ ರಾತ್ರೋರಾತ್ರಿ ಮಾಯವಾಯಿತು. ಆಗಿನ ರೇಟಿನಲ್ಲಿ ಲಕ್ಷ ದಾಟುವ ಮಾತು. ಯಜಮಾನರು ಸಂಜೆ ಬಂದು ದೂರು ಕೊಟ್ಟರು. ಪಿಎಸ್‌ಐ "ಬೆಳಿಗ್ಗೆ ಎಫ್‌ಐಆರ್ ಮಾಡೋಣ, ಮೊದಲು ಹುಡುಕೋಣ" ಅಂದರು. ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ, ಅಂದರೆ ಕಾಗ್ನಿಜಬಲ್ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಮಾಡಲೇಬೇಕು ಅಂತ ಸುಪ್ರೀಂ ಕೋರ್ಟ್ ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲೇ ಹೇಳಿದೆ. ಅದು ನಮಗೆಲ್ಲ ಗೊತ್ತಿತ್ತು. ಆದರೂ ಎಫ್‌ಐಆರ್ ಮಾಡಿದರೆ ಪತ್ತೆಯಾಗದ ಕೇಸು ಒಂದು ಜಾಸ್ತಿಯಾಗುತ್ತದೆ, ತಿಂಗಳ ಮೀಟಿಂಗಿನಲ್ಲಿ ಉತ್ತರ ಕೊಡಬೇಕು. ಹಾಗಾಗಿ ಮಾಲು ಸಿಕ್ಕಮೇಲೆ ಕೇಸು, ಅನ್ನುವ ಅಭ್ಯಾಸ.

ಅನುಮಾನ ಬಿದ್ದದ್ದು ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ಒಬ್ಬ ಹುಡುಗನ ಮೇಲೆ. ಇಪ್ಪತ್ತೆರಡು ವರ್ಷ ಇರಬಹುದು. ಆ ಮನೆಯ ತೋಟದಲ್ಲಿ ಹಿಂದಿನ ವಾರ ಕೊಯ್ಲಿಗೆ ಹೋಗಿದ್ದ. ಅಷ್ಟೇ ಆಧಾರ. ಅದೇ ಹುಡುಗ ನನಗೆ ಫೋನ್ ಮಾಡಿದವನ ಅಪ್ಪನ ತೋಟದಲ್ಲೂ ಮರ ಹತ್ತುತ್ತಿದ್ದ. ಸಣ್ಣ ಊರು, ಯಾರೂ ಯಾರಿಗೂ ಹೊರಗಿನವರಲ್ಲ.

ರಾತ್ರಿ 11:40ಕ್ಕೆ ಅವನನ್ನು ಜೀಪಿನಲ್ಲಿ ಕರೆತಂದರು. ತಂದವನು ಕ್ರೈಂ ಸ್ಟಾಫಿನ ಪೇದೆ. ಠಾಣೆಯಲ್ಲಿ ರಾತ್ರಿ ಉಸ್ತುವಾರಿ ನನಗೆ ಫೋನ್ ಮಾಡಿದ ನಮ್ಮ ಹೆಡ್ಡಿನದು, ಬಾಗಿಲಲ್ಲಿ ಒಬ್ಬ ಸೆಂಟ್ರಿ. ಪಿಎಸ್‌ಐ ಕ್ವಾರ್ಟರ್ಸಿನಲ್ಲಿದ್ದರು. ಹುಡುಗನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಹಳೆ ಟೈರು, ಜಪ್ತಿ ಮಾಡಿದ ಬೈಕಿನ ಬಿಡಿಭಾಗ ತುಂಬಿದ ಕೋಣೆ ಅದು. ಬಾಗಿಲು ಹಾಕಿಕೊಂಡಿತು. ಆಮೇಲೆ ಮುಕ್ಕಾಲು ಗಂಟೆ ಶಬ್ದ ಬಂತು. ನಡುವೆ ನಿಂತು, ಮತ್ತೆ ಬಂತು.

ಯಾಕೆ ಹೊಡೆಯುತ್ತಾರೆ ಅಂತ ಹೊರಗಿನವರು ಕೇಳುತ್ತಾರೆ. ಕ್ರೂರಿಗಳು ಅಂತ ತಾವೇ ಉತ್ತರವನ್ನೂ ಕೊಟ್ಟುಕೊಳ್ಳುತ್ತಾರೆ. ಕೆಲವರು ಕ್ರೂರಿಗಳೇ, ಇಲ್ಲ ಅನ್ನುವುದಿಲ್ಲ. ಆದರೆ ಬಹಳಷ್ಟು ಏಟು ಬೀಳುವುದು ಒಂದು ಲೆಕ್ಕಾಚಾರದ ಮೇಲೆ. ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಡೆಯುವುದಿಲ್ಲ, 1872ರ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ ಅದನ್ನು ತಳ್ಳಿಹಾಕುತ್ತಿತ್ತು. ಆದರೆ 27ನೇ ಸೆಕ್ಷನ್ ಒಂದು ಕಿಂಡಿ ಬಿಟ್ಟಿತ್ತು. ಆರೋಪಿಯ ಮಾತಿನಿಂದ ಮಾಲು ಸಿಕ್ಕರೆ, ಮಾಲಿಗೆ ಸಂಬಂಧಪಟ್ಟಷ್ಟು ಮಾತು ನಡೆಯುತ್ತದೆ. ಹೊಸ ಸಾಕ್ಷ್ಯ ಅಧಿನಿಯಮದಲ್ಲೂ ಆ ಕಿಂಡಿ 23ನೇ ಸೆಕ್ಷನ್ನಿನಲ್ಲಿ ಹಾಗೇ ಇದೆ. ಅದಕ್ಕೇ ಠಾಣೆಯಲ್ಲಿ "ಒಪ್ಪಿಕೊಂಡನಾ?" ಅಂತ ಯಾರೂ ಕೇಳುವುದಿಲ್ಲ, "ಮಾಲು ಎಲ್ಲಿ?" ಅಂತ ಕೇಳುತ್ತಾರೆ. ಕಳ್ಳ ಅಲ್ಲದವನ ಹತ್ತಿರ ಈ ಪ್ರಶ್ನೆಗೆ ಉತ್ತರ ಇರುವುದಿಲ್ಲ. ಹಾಗಾಗಿ ಏನೂ ಮಾಡದವನಿಗೇ ಜಾಸ್ತಿ ಹೊತ್ತು ಏಟು ಬೀಳುತ್ತದೆ.

ಬೆಳಗಿನ ಜಾವ ನಾಲ್ಕೂವರೆಗೆ ಹೆಡ್ಡು ಹೋಗಿ ಬಾಗಿಲು ತೆಗೆದ. ಪೇದೆ ಬೆಂಚಿನ ಮೇಲೆ ನಿದ್ದೆ ಹೋಗಿದ್ದ, ಮೂವತ್ತು ತಾಸಿನ ಮೇಲೆ ಡ್ಯೂಟಿ ಆಗಿತ್ತು ಅವನಿಗೆ. ಹುಡುಗ ನೆಲದ ಮೇಲೆ. ಎದ್ದು ನಿಲ್ಲಲು ಹೋಗಿ ಬಿದ್ದ. ಬಲಗಾಲು ಊದಿತ್ತು.

ಪಿಎಸ್‌ಐಗೆ ಫೋನ್ ಮಾಡಿದಾಗ ಬಂದ ಉತ್ತರ ಇದು: "ಈಗ ಏನೂ ಬರೀಬೇಡ. ನಾಲ್ಕು ಸಾಲು ಖಾಲಿ ಬಿಡು. ಬೆಳಿಗ್ಗೆ ಹತ್ತಕ್ಕೆ ವಿಚಾರಣೆಗೆ ಬಂದ, ಬಚ್ಚಲಲ್ಲಿ ಜಾರಿ ಬಿದ್ದ ಅಂತ ಹಾಕಿದರಾಯ್ತು. ನಮ್ಮ ಹುಡುಗನನ್ನ ನಾವು ಬಿಟ್ಟುಕೊಡೋಕಾಗುತ್ತಾ?"

ನಮ್ಮ ಹುಡುಗ ಅಂದರೆ ಪೇದೆ.

ಈ ಪೇದೆ ಮತ್ತು ಹೆಡ್ಡು ಸುಮ್ನೆ ಸಹೋದ್ಯೋಗಿಗಳಲ್ಲ. ಮಲೆನಾಡಿನಲ್ಲಿ ನಕ್ಸಲ್ ಕೂಂಬಿಂಗ್ ಜೋರಾಗಿದ್ದ ವರ್ಷಗಳಲ್ಲಿ ಇಬ್ಬರನ್ನೂ ಆಗುಂಬೆ ಕಡೆ ಕಾಡಿಗೆ ಹಾಕಿದ್ದರು. ಜುಲೈ ಮಳೆ. ಬೂಟು ಬಿಚ್ಚಿದರೆ ಕಾಲ್ಚೀಲದ ಒಳಗೆ ಉಂಬಳ ರಕ್ತ ಕುಡಿದು ಉಬ್ಬಿಕೊಂಡಿರುತ್ತಿದ್ದವು. ಹೆಡ್ಡಿಗೆ ಅಲ್ಲಿ ಜ್ವರ ಬಂದು ಮೈಮೇಲೆ ಎಚ್ಚರವಿಲ್ಲದೆ ಬಿದ್ದಾಗ ಈ ಪೇದೆ ಅವನನ್ನು ಬೆನ್ನಿಗೆ ಹಾಕಿಕೊಂಡು ರಸ್ತೆ ಸಿಗುವತನಕ ನಡೆದಿದ್ದ, ಹಳ್ಳ ದಾಟುವಾಗ ಎರಡು ಸಲ ಬಿದ್ದಿದ್ದ, ಆದರೂ ಕೆಳಗಿಳಿಸಿರಲಿಲ್ಲ. ಪೇದೆಯ ಮಗಳ ನಾಮಕರಣಕ್ಕೆ ತೊಟ್ಟಿಲು ತಂದವನು ಹೆಡ್ಡು. ಕ್ವಾರ್ಟರ್ಸಿನಲ್ಲಿ ಗೋಡೆಗೆ ಗೋಡೆ, ಒಂದು ಮನೆಯ ಸಾರು ಇನ್ನೊಂದು ಮನೆಗೆ ಹೋಗುತ್ತಿತ್ತು.

ಪೊಲೀಸರ ಒಗ್ಗಟ್ಟು ಅಂದಾಕ್ಷಣ ಲೂಟಿಕೋರರ ಗುಂಪಿನ ಹಾಗೆ ಮಾತಾಡುವವರಿಗೆ ಇದು ಗೊತ್ತಿರಲಿ. ಬೇರೆ ಸರ್ಕಾರಿ ನೌಕರರಿಗೆ ಸಂಘ ಇದೆ, ಧರಣಿ ಇದೆ. ನಮಗೆ ಇಲ್ಲ. 1966ರ ಪೊಲೀಸ್ ಪಡೆಗಳ ಹಕ್ಕು ನಿರ್ಬಂಧ ಕಾಯ್ದೆ ಅನುಮತಿ ಇಲ್ಲದೆ ಸಂಘ ಕಟ್ಟಲು ಬಿಡುವುದಿಲ್ಲ. 2016ರ ಜೂನ್ 4ಕ್ಕೆ ಕರ್ನಾಟಕದ ಪೇದೆಗಳು ಸಾಮೂಹಿಕ ರಜೆ ಹಾಕಬೇಕು ಅಂತ ಹೊರಟದ್ದು ನಿಮಗೂ ನೆನಪಿರಬಹುದು, ಆ ದಿನ ಬರುವುದರೊಳಗೆ ತಣ್ಣಗಾಯಿತು. ಹಾಗಾಗಿ ಪೇದೆಗೆ ಸಂಘ ಅಂದರೂ ವಿಮೆ ಅಂದರೂ ಪಕ್ಕದಲ್ಲಿ ನಿಂತವನೇ. ಗಲಾಟೆಯಲ್ಲಿ ಕಲ್ಲು ಬೀಳುವಾಗ ನಿನ್ನ ಹಿಂದೆ ಇವನು ಇರುತ್ತಾನೆ ಅನ್ನುವ ನಂಬಿಕೆ ಹೋದರೆ ಆ ಕೆಲಸ ಮಾಡುವುದಕ್ಕೇ ಆಗುವುದಿಲ್ಲ. ಬೆನ್ನ ಮೇಲೆ ಹೊತ್ತು ತಂದವನ ಹೆಸರು ಬರುವ ಕಡೆ ಪೆನ್ನು ಇಡುವುದು ಹೇಗೆ?

ಈಗ ನನ್ನ ಸಲಹೆ. "ನೀನೆಂತ ಹೊಸಬನಾ ಮಾರಾಯ? ನಾಲ್ಕು ಸಾಲು ಬಿಡು. ಎಲ್ಲರೂ ಬಿಟ್ಟಿದ್ದೇವೆ. ಹುಡುಗನಿಗೆ ಯಾವುದಾದರೂ ಪ್ರೈವೇಟ್ ಡಾಕ್ಟರ್ ಹತ್ತಿರ ಬ್ಯಾಂಡೇಜ್ ಹಾಕಿಸು, ಭಾವನ ಕೈಗೆ ಎರಡು ಸಾವಿರ ಕೊಡು, ಮನೆಗೆ ಕಳಿಸು." ಇದೇ ಮಾತು. ಒಂದಕ್ಷರ ಸೇರಿಸಿಲ್ಲ, ಬಿಟ್ಟಿಲ್ಲ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಆಯ್ತಣ್ಣ" ಅಂದು ಫೋನ್ ಇಟ್ಟ. ನಾನು ಮತ್ತೆ ಮಲಗಿದೆ, ನಿದ್ದೆಯೂ ಬಂತು.

ಅವನು ಸಾಲು ಬಿಡಲಿಲ್ಲ. ಬರೆದ. ಆ ಎಂಟ್ರಿಯನ್ನು ಮುಂದೆ ಇಲಾಖಾ ವಿಚಾರಣೆಯಲ್ಲಿ ಎಷ್ಟು ಸಲ ಓದಿದರು ಅಂದರೆ ಅದರ ಧಾಟಿ ನನಗೆ ಈಗಲೂ ಬಾಯಿಗೆ ಬರುತ್ತದೆ. ರಾತ್ರಿ 11:40ಕ್ಕೆ ಕ್ರೈಂ ಸಿಬ್ಬಂದಿಯವರು ಒಬ್ಬ ವ್ಯಕ್ತಿಯನ್ನು ಠಾಣೆಗೆ ಕರೆತಂದರು, ಸದರಿಯವನು ನಡೆದುಕೊಂಡು ಬಂದಿರುತ್ತಾನೆ, ಯಾವ ಪ್ರಕರಣದಲ್ಲಿ ಎಂದು ತಿಳಿಸಿರುವುದಿಲ್ಲ. 4:30ಕ್ಕೆ ನೋಡಲಾಗಿ ಎದ್ದು ನಿಲ್ಲಲಾಗದ ಸ್ಥಿತಿಯಲ್ಲಿದ್ದನು. ಪಿಎಸ್‌ಐ ರವರಿಗೆ ಫೋನ್ ಮೂಲಕ ತಿಳಿಸಿದೆ. ಸದರಿಯವನ ಭಾವನಿಗೆ ವಿಷಯ ತಿಳಿಸಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ.

ಇಷ್ಟೇ. ಇಂಥವನು ಹೊಡೆದ ಅಂತ ಎಲ್ಲೂ ಇಲ್ಲ, ಯಾಕೆಂದರೆ ಅವನು ಕಣ್ಣಿಂದ ನೋಡಿರಲಿಲ್ಲ. ಜಾರಿ ಬಿದ್ದ ಅಂತಲೂ ಇಲ್ಲ, ಯಾಕೆಂದರೆ ಅದನ್ನೂ ನೋಡಿರಲಿಲ್ಲ. ನಡೆದುಕೊಂಡು ಬಂದ, ನಿಲ್ಲಲಾಗುತ್ತಿಲ್ಲ, ಈ ಎರಡರ ನಡುವೆ ಐದು ತಾಸು. ಬರವಣಿಗೆ ಕೆಲಸದಲ್ಲಿ ನಾನು ಇವನಿಗಿಂತ ಜಾಣ ಅಂದುಕೊಂಡಿದ್ದೆ, ಆದರೆ ಇಂಥ ಎಂಟ್ರಿ ನನ್ನ ಕೈಯಲ್ಲಿ ಬರುತ್ತಿತ್ತಾ ಅಂತ ಅನುಮಾನ.

ಆಸ್ಪತ್ರೆಯಲ್ಲಿ ಇನ್ನೊಂದು ಘಟ್ಟ ಬಂತು. ಡಾಕ್ಟರ್ "ಏನಾಯ್ತಪ್ಪ?" ಅಂದರು. ಹುಡುಗ ಹೆಡ್ಡಿನ ಮುಖ ನೋಡಿ "ಬಿದ್ದೆ ಸಾರ್" ಅಂದ. ಯಾರೂ ಹೇಳಿಕೊಟ್ಟಿರಲಿಲ್ಲ, ಖಾಕಿ ಪಕ್ಕದಲ್ಲಿ ನಿಂತರೆ ಆ ಮಾತು ತಾನಾಗೇ ಬರುತ್ತದೆ. ಅಲ್ಲಿಗೇ ಬಿಟ್ಟಿದ್ದರೂ ಆಗುತ್ತಿತ್ತು, ಅಲ್ವಾ? ಡೈರಿಯೂ ಸುಳ್ಳಲ್ಲ, ಗೆಳೆಯನೂ ಉಳಿದ. ಹೆಡ್ಡು "ಡಾಕ್ಟ್ರೇ, ನಾನು ಹೊರಗೆ ಚಾ ಕುಡಿದು ಬರ್ತೀನಿ" ಅಂತ ಎದ್ದು ಹೋದ. ವಾಪಸು ಬರುವಷ್ಟರಲ್ಲಿ ಎಂಎಲ್‌ಸಿ (ಪೊಲೀಸ್ ಕೇಸಿಗೆ ಸಂಬಂಧಪಟ್ಟ ಗಾಯಗಳನ್ನು ಆಸ್ಪತ್ರೆಯವರು ದಾಖಲಿಸುವ) ರಿಜಿಸ್ಟರಿನಲ್ಲಿ ಬೇರೆಯೇ ಬರೆದಿತ್ತು. ಮೂಳೆ ಬಿರುಕು ಬಿಟ್ಟಿದೆ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂದರು.

ಕಾನೂನಿನ ಕಡೆಯಿಂದ ನೋಡಿದರೆ ಇಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇ ಇರಲಿಲ್ಲ. ಬಂಧಿಸಿದರೆ ಮೆಮೊ ಬರೆಯಬೇಕು, ಸಾಕ್ಷಿ ಸಹಿ ಬೇಕು, ಮನೆಯವರಿಗೆ ಹೇಳಬೇಕು, ವೈದ್ಯರಿಗೆ ತೋರಿಸಬೇಕು, ಇದೆಲ್ಲ ಡಿ.ಕೆ. ಬಸು ಪ್ರಕರಣದಲ್ಲಿ 1996ರಲ್ಲೇ ಬಂದಿದೆ, ಎಷ್ಟೋ ಠಾಣೆಗಳ ಗೋಡೆ ಮೇಲೆ ಬೋರ್ಡೇ ಇದೆ. ಏಳು ವರ್ಷದವರೆಗಿನ ಶಿಕ್ಷೆಯ ಕೇಸಿನಲ್ಲಿ ಸುಮ್ನೆ ಸುಮ್ನೆ ಬಂಧಿಸಬೇಡಿ, ನೋಟಿಸ್ ಕೊಟ್ಟು ಕರೆಸಿ ಅಂತ 2014ರ ಅರ್ನೇಶ್ ಕುಮಾರ್ ತೀರ್ಪು ಹೇಳುತ್ತದೆ. ಅಡಿಕೆ ಕಳ್ಳತನ ಅದರೊಳಗೇ ಬರುತ್ತದೆ. ತಪ್ಪೊಪ್ಪಿಸಲು, ಮಾಲು ತೆಗೆಸಲು ನೋವು ಕೊಟ್ಟರೆ ಐಪಿಸಿ 330, ಏಳು ವರ್ಷದವರೆಗೆ. ಒಬ್ಬನನ್ನು ಉಳಿಸಲು ಸರ್ಕಾರಿ ನೌಕರ ಸುಳ್ಳು ದಾಖಲೆ ಬರೆದರೆ 218, ಮೂರು ವರ್ಷದವರೆಗೆ. ಈ ಕೊನೆಯದನ್ನು ಗಮನಿಸಿ. ಆ ನಾಲ್ಕು ಸಾಲು ಖಾಲಿ ಬಿಟ್ಟು ಆಮೇಲೆ ತುಂಬಿದ್ದರೆ 218 ಬೀಳುತ್ತಿದ್ದದ್ದು ಪಿಎಸ್‌ಐ ಮೇಲಲ್ಲ. ಅವರು ಹೇಳಿದ್ದು ಫೋನಿನಲ್ಲಿ. ಕೈಬರಹ ಹೆಡ್ಡಿನದು.

ನಾನು ಐದು ಗಂಟೆಗೆ ಯೋಚಿಸದೇ ಇದ್ದ ಇನ್ನೊಂದು ವಿಷಯ, ಕ್ಯಾಮೆರಾ. ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಠಾಣೆಯ ಬಾಗಿಲು, ಲಾಕಪ್, ಕಾರಿಡಾರ್ ಎಲ್ಲ ಕಡೆ ಸಿಸಿಟಿವಿ ಇರಬೇಕು, ಠಾಣೆಯ ಯಾವ ಭಾಗವೂ ಬಿಟ್ಟುಹೋಗಬಾರದು, ರೆಕಾರ್ಡಿಂಗ್ 18 ತಿಂಗಳು ಉಳಿಯುವಂತಿರಬೇಕು, ಅಂಥ ಯಂತ್ರ ಸಿಗದಿದ್ದರೆ ಕಡಿಮೆಯೆಂದರೂ ಒಂದು ವರ್ಷ ಅಂತ ಆದೇಶ ಕೊಟ್ಟಿತ್ತು. ಆ ಟೈರಿನ ಕೋಣೆಗೆ ಕ್ಯಾಮೆರಾ ಇರಲಿಲ್ಲ. ಯಾಕೆ ಇರಲಿಲ್ಲ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮುಂಬಾಗಿಲಿಗೆ ಮಾತ್ರ ಇತ್ತು. ಹುಡುಗ ತನ್ನ ಕಾಲ ಮೇಲೆ ನಡೆದು ಒಳಗೆ ಹೋದದ್ದು, ಹೆಡ್ಡು ಮತ್ತು ಸೆಂಟ್ರಿ ಅವನನ್ನು ಎತ್ತಿಕೊಂಡು ಹೊರಗೆ ಬಂದದ್ದು ಎರಡೂ ಅದರಲ್ಲಿತ್ತು. ಬೆಳಿಗ್ಗೆ ಹತ್ತಕ್ಕೆ ಬಂದ ಅಂತ ಬರೆದಿದ್ದರೆ? ನನ್ನ ಸಲಹೆ ಅವನನ್ನು ನೇರ ಜೈಲಿಗೆ ಕಳಿಸುತ್ತಿತ್ತು. ಇದು ನನಗೆ ಹೊಳೆದದ್ದು ಎರಡು ತಿಂಗಳ ಮೇಲೆ, ಸಂತೆಯಲ್ಲಿ ಬಾಳೆಕಾಯಿ ಆರಿಸುತ್ತಿದ್ದಾಗ. ಕೈ ನಡುಗಿತು.

ಹಾಗಂತ ಹೆಡ್ಡನ್ನು ಹೀರೋ ಮಾಡಲು ನಾನು ಇದನ್ನು ಬರೆಯುತ್ತಿಲ್ಲ. ಅವನೂ ಅದಕ್ಕೆ ಒಪ್ಪುವುದಿಲ್ಲ. ಅವನ ನಿಜವಾದ ಹೊತ್ತು ಬೆಳಗಿನ ಜಾವ ಐದು ಗಂಟೆಯಲ್ಲ, ರಾತ್ರಿ ಹನ್ನೆರಡು. ಶಬ್ದ ಬರುತ್ತಿದ್ದಾಗ ಅವನು ಹೊರಗೆ ಕುರ್ಚಿಯಲ್ಲಿ ಕೂತಿದ್ದ, ಸೆಂಟ್ರಿ ಅವನ ಮುಖ ನೋಡಿದ, ಅವನು ಸೆಂಟ್ರಿ ಮುಖ ನೋಡಲಿಲ್ಲ. ರಾತ್ರಿ ಠಾಣೆ ಅವನ ಉಸ್ತುವಾರಿಯಲ್ಲಿತ್ತು, ಪೇದೆ ಅವನಿಗಿಂತ ಕೆಳಗಿನವನು, ಮೇಲಾಗಿ ಗೆಳೆಯ. ಬಾಗಿಲು ತಟ್ಟಿ "ಸಾಕು ಮಾರಾಯ, ಬಾ, ಚಾ ಕುಡಿ" ಅಂದಿದ್ದರೆ ಮುಗಿಯುತ್ತಿತ್ತು. ಹುಡುಗನ ಕಾಲು ಉಳಿಯುತ್ತಿತ್ತು, ಪೇದೆಯ ಕೆಲಸಕ್ಕೂ ಕುತ್ತು ಬರುತ್ತಿರಲಿಲ್ಲ. ಕಾಡಿನಲ್ಲಿ ಹೊತ್ತು ತಂದ ಋಣ ತೀರಿಸುವುದಕ್ಕೆ ಅದಕ್ಕಿಂತ ಒಳ್ಳೆಯ ರಾತ್ರಿ ಸಿಗುತ್ತಿರಲಿಲ್ಲ. ಇಲಾಖೆಯಲ್ಲಿ ನಾವು ಗೆಳೆತನ ಅಂತ ಕರೆಯುವುದು ಯಾವಾಗಲೂ ಏಟು ಬಿದ್ದಮೇಲೆ ಶುರುವಾಗುತ್ತದೆ, ಬೀಳುವ ಮೊದಲು ಕೈ ಹಿಡಿಯುವುದನ್ನು ನಮಗೆ ಯಾವ ಟ್ರೈನಿಂಗಿನಲ್ಲೂ ಹೇಳಿಕೊಟ್ಟಿಲ್ಲ. ನಾನೂ ಒಂದು ಸಲವೂ ಆ ಬಾಗಿಲು ತಟ್ಟಿದವನಲ್ಲ.

ಸಾರ್ವಜನಿಕರ ಕಡೆಗಿನ ಕರ್ತವ್ಯ ಅನ್ನುತ್ತಾರಲ್ಲ, ಅದೂ ಅಷ್ಟು ಸಲೀಸಲ್ಲ. ಯಾವ ಸಾರ್ವಜನಿಕರು? ಅಡಿಕೆ ಕಳಕೊಂಡ ಯಜಮಾನರು ಸಂಜೆ ಠಾಣೆಯಿಂದ ಹೊರಡುವಾಗ "ನಾಲ್ಕು ಬಿಟ್ಟರೆ ತಾನೇ ಬಾಯಿಬಿಡ್ತಾನೆ" ಅಂದಿದ್ದರು. ಕೆಟ್ಟವರಲ್ಲ ಅವರು. ಊರಿನ ಹೋಟೆಲಿನಲ್ಲಿ ಅರ್ಧ ಜನ ಅದೇ ಹೇಳುತ್ತಿದ್ದರು. ಪೇದೆಯ ಕೈಗೆ ಲಾಠಿ ಕೊಟ್ಟವರಲ್ಲಿ ಅವರೂ ಇದ್ದಾರೆ. ಕಾಲು ಮುರಿದ ಸುದ್ದಿ ಹೊರಗೆ ಬಂದಮೇಲೆ ಅದೇ ಹೋಟೆಲಿನಲ್ಲಿ ಅದೇ ಜನ ಪೊಲೀಸರಿಗೆ ಬೈದರು. ಹುಡುಗನ ಕಡೆ ಇದ್ದವರು ಅವನ ಅಕ್ಕ, ಭಾವ ಇಬ್ಬರೇ. ಅವರ ಪರವಾಗಿ ಠಾಣೆಯೊಳಗೆ ಅವತ್ತು ಇದ್ದದ್ದು ಆ ಡೈರಿಯ ಐದಾರು ಸಾಲು ಮಾತ್ರ.

ಆಮೇಲೆ ಏನಾಯಿತು ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. ಎಂಎಲ್‌ಸಿ ಹೋಯಿತು, ಡಿವೈಎಸ್‌ಪಿ ಬಂದರು, ಪೇದೆ ಸಸ್ಪೆಂಡ್ ಆದ. 1965ರ ಶಿಸ್ತು ನಿಯಮಗಳ ಪ್ರಕಾರ ಇಲಾಖಾ ವಿಚಾರಣೆ ನಡೆದು ಇನ್‌ಕ್ರಿಮೆಂಟ್ ಕತ್ತರಿಸಿದರು, ದೂರದ ಠಾಣೆಗೆ ಹಾಕಿದರು. ಪಿಎಸ್‌ಐಗೆ ವರ್ಗಾವಣೆ, ಅಷ್ಟೇ. "ನಾನು ಹಾಗೆ ಹೇಳೇ ಇಲ್ಲ" ಅಂದರು, ಡೈರಿಯಲ್ಲಿ ಇದ್ದದ್ದು ಫೋನ್ ಮಾಡಿದ್ದು ಮಾತ್ರ, ಅವರು ಕೊಟ್ಟ ಉತ್ತರ ಅಲ್ಲ. ಕ್ರಿಮಿನಲ್ ಕೇಸು ಮಂಜೂರಾತಿಗೆ ಕಾಯುತ್ತಿದೆ. ಡ್ಯೂಟಿಯ ನೆರಳಿನಲ್ಲಿ ಮಾಡಿದ ಕೆಲಸಕ್ಕೆ ಪೊಲೀಸರ ಮೇಲೆ ಕೇಸು ನಡೆಸಲು ಸರ್ಕಾರದ ಅನುಮತಿ ಬೇಕು, ಕರ್ನಾಟಕ ಪೊಲೀಸ್ ಕಾಯ್ದೆ 1963ರ 170ನೇ ಸೆಕ್ಷನ್. ಡ್ಯೂಟಿಗೆ ಸಂಬಂಧ ಇದ್ದರೆ ಮಿತಿ ಮೀರಿದ ಕೆಲಸಕ್ಕೂ ಅನುಮತಿ ಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಹೇಳಿತು. ಆಗಬಾರದ ಕೆಲಸವನ್ನು ಡ್ಯೂಟಿ ಅನ್ನುವುದು ಹೇಗೆ ಅಂತ ಹುಡುಗನ ಭಾವ ನನ್ನನ್ನು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಪೊಲೀಸ್ ದೂರು ಪ್ರಾಧಿಕಾರಕ್ಕೂ ಒಂದು ಅರ್ಜಿ ಹಾಕಿ ಅಂತ ಹೇಳಿದೆ. 2006ರ ಪ್ರಕಾಶ್ ಸಿಂಗ್ ತೀರ್ಪಿನ ಮೇಲೆ ಬಂದ ವ್ಯವಸ್ಥೆ ಅದು. ಅರ್ಜಿ ಬರೆದುಕೊಟ್ಟವನೂ ನಾನೇ, ಬರವಣಿಗೆ ಕೆಲಸ ಗೊತ್ತಲ್ಲ.

ನಾಲ್ಕು ಚೀಲ ಅಡಿಕೆ ಇವತ್ತಿಗೂ ಸಿಕ್ಕಿಲ್ಲ. ಯಜಮಾನರು ಸಿಕ್ಕಾಗಲೆಲ್ಲ "ನಿಮ್ಮ ನಿಮ್ಮ ಜಗಳದಲ್ಲಿ ನನ್ನ ಅಡಿಕೆ ಹೋಯ್ತು" ಅನ್ನುತ್ತಾರೆ. ಅದೂ ಸುಳ್ಳಲ್ಲ. ಆ ರಾತ್ರಿ ಹುಡುಗನನ್ನು ಹಿಡಿದುಕೊಂಡು ಕೂತಿದ್ದರಿಂದ ಬೇರೆ ಯಾವ ದಾರಿಯನ್ನೂ ಯಾರೂ ನೋಡಲಿಲ್ಲ. ಒಂದು ಗಾಡಿ ತಡೆದು ಕೇಳಲಿಲ್ಲ, ಒಬ್ಬ ವ್ಯಾಪಾರಿಯನ್ನು ವಿಚಾರಿಸಲಿಲ್ಲ.

ಹೆಡ್ಡಿಗೆ ಆದದ್ದು ಕಾಗದದಲ್ಲಿ ಏನೂ ಇಲ್ಲ. ಮೆಮೊ ಇಲ್ಲ, ಶಿಕ್ಷೆ ಇಲ್ಲ. ಬರವಣಿಗೆ ಕೆಲಸದಿಂದ ತೆಗೆದು ಸಮನ್ಸ್ ಹಂಚಲು ಹಾಕಿದರು. ಅವನು ಬಂದರೆ ಠಾಣೆಯಲ್ಲಿ ಮಾತು ನಿಲ್ಲುತ್ತಿತ್ತು. ಕ್ವಾರ್ಟರ್ಸಿನಲ್ಲಿ ಅವನ ಹೆಂಡತಿಯನ್ನು ಗೌರಿ ಹಬ್ಬದ ಅರಿಶಿನ ಕುಂಕುಮಕ್ಕೆ ಕರೆಯಲಿಲ್ಲ. ಪಕ್ಕದ ಮನೆಯಿಂದ ಬರುತ್ತಿದ್ದ ಸಾರು ನಿಂತಿತು. ಹೀಗೆ ನಿಜ ಹೇಳಿದವರನ್ನು ಕಾಪಾಡಲು 2014ರಲ್ಲಿ ಸಂಸತ್ತು ಒಂದು ಕಾನೂನು ಪಾಸು ಮಾಡಿತು, ರಾಷ್ಟ್ರಪತಿ ಅಂಕಿತವೂ ಬಿತ್ತು, ಜಾರಿಗೆ ಮಾತ್ರ ತರಲಿಲ್ಲ. ಜಾರಿಗೆ ಬಂದಿದ್ದರೂ ಅರಿಶಿನ ಕುಂಕುಮಕ್ಕೆ ಕರೆಸಲು ಅದರಿಂದ ಆಗುತ್ತಿರಲಿಲ್ಲ ಅನ್ನಿ.

ಪೇದೆಯ ವಿಷಯ ಒಂದು ಹೇಳಬೇಕು. ವಿಚಾರಣೆಯಲ್ಲಿ ಅವನನ್ನು "ಹೆಡ್ ಕಾನ್‌ಸ್ಟೇಬಲ್‌ಗೂ ನಿಮಗೂ ಹಳೇ ದ್ವೇಷ ಇತ್ತಾ?" ಅಂತ ಕೇಳಿದರು. ಹೌದು ಅಂದಿದ್ದರೆ ಅವನಿಗೆ ಅನುಕೂಲ ಆಗುತ್ತಿತ್ತು, ಅವನ ಪರ ಬಂದವರು ಹಾಗೇ ಹೇಳು ಅಂತ ಹೇಳಿಯೂ ಇದ್ದರು. ಅವನು "ಇಲ್ಲ ಸಾರ್, ಅವನು ನನ್ನ ಅಣ್ಣ ಇದ್ದ ಹಾಗೆ" ಅಂದ. ಆಮೇಲೆ ಇಬ್ಬರೂ ಕಾರಿಡಾರಿನಲ್ಲಿ ಎದುರು ಬದುರಾದರು. ಮಾತಾಡಲಿಲ್ಲ.

ಹುಡುಗ ಈಗ ಮರ ಹತ್ತುವುದಿಲ್ಲ. ಕಾಲು ಕೂಡಿಕೊಂಡಿದೆ, ಆದರೆ ಕಾಲಿಗೆ ಹಗ್ಗದ ತಳೆ ಕಟ್ಟಿ ಮರದ ಮೇಲೆ ನಿಲ್ಲುವಷ್ಟು ಬಲ ಇಲ್ಲ. ಕೊಯ್ಲಿನ ಸಮಯದಲ್ಲಿ ಸುಲಿಯುವ ಮೆಷಿನ್ ಹತ್ತಿರ ಕೂರುತ್ತಾನೆ, ನಮ್ಮ ತೋಟದ ಅಡಿಕೆಗೂ ಬರುತ್ತಾನೆ. ಮೊದಲ ವರ್ಷ ನಾನು ಕೂಲಿ ಜಾಸ್ತಿ ಕೊಟ್ಟೆ. ಎಣಿಸಿ ನೋಡಿ, ಹೆಚ್ಚಿದ್ದದ್ದನ್ನು ಅಂಗಳದ ಕಟ್ಟೆ ಮೇಲೆ ಇಟ್ಟು ಹೋದ.

ಹೆಡ್ಡು ಹಬ್ಬಕ್ಕೆ ಫೋನ್ ಮಾಡುತ್ತಾನೆ. ಮಳೆ ಹೇಗಿದೆ, ಕೊಳೆರೋಗಕ್ಕೆ ಔಷಧಿ ಹೊಡೆಸಿದೆಯಾ ಅಂತ ಕೇಳುತ್ತಾನೆ, ಮಕ್ಕಳ ಓದಿನ ಸುದ್ದಿ ಹೇಳುತ್ತಾನೆ. ಕೆಲಸದ ವಿಷಯದಲ್ಲಿ ಏನು ಬರೀಲಿ ಅಂತ ಮಾತ್ರ ಆ ದಿನದ ಮೇಲೆ ಒಂದು ಸಲವೂ ಕೇಳಿಲ್ಲ.